ಠಾಣೆಯ ಖಾಯಂ ಪಂಚ

ನಾನು ಶಾಲೆ ಬಿಟ್ಟದ್ದು ೧೯೮೫ರಲ್ಲಿ, ಎಂಟನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆ ಬರೆದ ವಾರದಲ್ಲಿ. ಯಾರೂ ಬಿಡಿಸಲಿಲ್ಲ. ದಾವಣಗೆರೆಯಲ್ಲಿ ಚೀಲ ಹೊರುತ್ತಿದ್ದ ಅಪ್ಪನ ಸೊಂಟ ಬಿದ್ದಿತ್ತು, ಮನೆಗೆ ಇನ್ನೊಂದು ಕೈ ಬೇಕಿತ್ತು, ನಾನಾಗಿಯೇ ಹೋಗಿ ಒಂದು ಲೇಥ್ ಅಂಗಡಿಯಲ್ಲಿ ನಿಂತೆ. ಅದನ್ನು ಹೇಳಿಕೊಂಡು ಕಣ್ಣೀರು ಹಾಕಿದವನಲ್ಲ. ಕಬ್ಬಿಣದ ಸರಳನ್ನು ತಿರುಗುವ ಮಷೀನಿಗೆ ಕಚ್ಚಿಸಿ, ಉಳಿಯಿಂದ ಹೆರೆದು ಬೇಕಾದ ಅಳತೆಗೆ ತರುವುದು ಲೇಥ್ ಕೆಲಸ. ಹತ್ತು ವರ್ಷ ಅವರಿವರ ಹತ್ತಿರ ಅದನ್ನು ಮಾಡಿ, ಆಮೇಲೆ ಹರಿಹರದಲ್ಲಿ ಸ್ವಂತ ಅಂಗಡಿ ಹಾಕಿದೆ. ಗುತ್ತೂರಿನ ಕಡೆಯ ಕಾರ್ಖಾನೆಗಳಿಂದ ಎಂಜಿನಿಯರುಗಳು ತಂದ ನಕ್ಷೆಯಲ್ಲಿ ತಪ್ಪು ತೋರಿಸಿ ವಾಪಸು ಕಳಿಸಿದ್ದೇನೆ. ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಮನೆ ಕಟ್ಟಿದೆ. ದಿನಾ ಬೆಳಿಗ್ಗೆ ಬೈಕಿನಲ್ಲಿ ಹರಿಹರಕ್ಕೆ ಹೋಗಿ, ಪತ್ರಿಕೆಯನ್ನು ಮೊದಲ ಪುಟದಿಂದ ಟೆಂಡರ್ ಪ್ರಕಟಣೆಯವರೆಗೆ ಓದಿ, ಆಮೇಲೆ ಮಷೀನು ಚಾಲೂ ಮಾಡುತ್ತೇನೆ. ಇಷ್ಟು ಹೇಳಿದ್ದು ಯಾಕೆಂದರೆ, ಮುಂದೆ ಬರೆಯುವುದನ್ನು ನೋಡಿ ಯಾರೂ ‘ಪಾಪ, ಓದು ಬಾರದವನು, ಮೋಸಹೋದ’ ಎನ್ನಬಾರದು. ನನಗೆ ಓದು ಬರುತ್ತದೆ. ನಾನು ಓದಲಿಲ್ಲ. ಎರಡೂ ಬೇರೆ.

ನನ್ನ ಅಂಗಡಿ ಇದ್ದದ್ದು ಒಂದು ಪೊಲೀಸ್ ಠಾಣೆಯ ಬೀದಿಯಲ್ಲಿ. ಯಾವ ಠಾಣೆ ಎಂದು ಬರೆಯುವುದಿಲ್ಲ. ಪೊಲೀಸರು ಎಲ್ಲಿಗಾದರೂ ಹೋಗಿ ಏನನ್ನಾದರೂ ನೋಡಿದರೆ, ಹಿಡಿದರೆ, ಜಪ್ತಿ ಮಾಡಿದರೆ, ಆ ಹೊತ್ತಿನಲ್ಲಿ ಊರಿನ ಇಬ್ಬರು ಜೊತೆಗಿದ್ದು ಕಣ್ಣಾರೆ ನೋಡಬೇಕು. ಅವರಿಗೆ ಪಂಚರು ಎನ್ನುತ್ತಾರೆ. ನೋಡಿದ್ದನ್ನು ಬರೆದ ಕಾಗದಕ್ಕೆ ಮಹಜರು ಎನ್ನುತ್ತಾರೆ. ಕೆಳಗೆ ಪಂಚರ ಸಹಿ ಇದ್ದರೆ ಮಾತ್ರ ಅದಕ್ಕೆ ಕೋರ್ಟಿನಲ್ಲಿ ಬೆಲೆ. ಪೊಲೀಸರ ಮಾತನ್ನು ಬರೀ ಪೊಲೀಸರ ಮಾತೆಂದು ನಂಬಬೇಡಿ, ಊರಿನವರೂ ನೋಡಿದ್ದಾರೆ ಎಂದು ಹೇಳುವುದಕ್ಕೆ ಈ ಏರ್ಪಾಡು.

ಮೊದಲ ಸಲ ಕರೆದದ್ದು ಹನ್ನೆರಡು ವರ್ಷಗಳ ಹಿಂದೆ. ಹೆಡ್ ಕಾನ್‌ಸ್ಟೇಬಲ್ ಒಬ್ಬರು ಬಾಗಿಲಲ್ಲಿ ನಿಂತು, “ಯಜಮಾನ್ರೇ, ಎರಡು ನಿಮಿಷ ಬರ್ರಿ, ಸರ್ಕಾರಿ ಕೆಲಸ ಐತೆ” ಎಂದರು. ಮೈಮೇಲೆ ಎಣ್ಣೆ, ಕಬ್ಬಿಣದ ಸುರುಳಿ. ಹಾಗೆಯೇ ಹೋದೆ. ಕುರ್ಚಿ ಹಾಕಿದರು. ಚಾ ತರಿಸಿದರು. ಕಾಗದದಲ್ಲಿ ನನ್ನ ಹೆಸರಿನ ಹಿಂದೆ ‘ಗೌರವಾನ್ವಿತ’ ಎಂದು ಬರೆದಿದ್ದರು. ಮಗ್ಗಿ ತಪ್ಪಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿಕೊಂಡ ಶಾಲೆಯಿಂದ ಹೊರಗೆ ಬಂದವನು ನಾನು. ಸರ್ಕಾರದ ಕಾಗದದಲ್ಲಿ ಗೌರವಾನ್ವಿತ ಎಂದರೆ ಮೈ ಉಬ್ಬದೆ ಇರುತ್ತದೆಯೇ? ಉಬ್ಬಿತು. ಅವತ್ತು ಮನೆಗೆ ಹೋಗಿ ಹೆಂಡತಿಗೆ ಎರಡು ಸಲ ಹೇಳಿದೆ.

ಆಮೇಲೆ ಮಟ್ಕಾ ಚೀಟಿ, ಮದ್ಯದ ಪೌಚು, ಮರಳಿನ ಲಾರಿ, ಕದ್ದ ಬೈಕು, ಎಲ್ಲಕ್ಕೂ ನಾನೇ. ಎದುರಿನ ಖಾನಾವಳಿಯ ಮಾಲೀಕ ಇನ್ನೊಬ್ಬ ಪಂಚ. ಬೀದಿಯವರು ನನಗೆ ‘ಖಾಯಂ ಪಂಚ’ ಎಂದು ಹೆಸರಿಟ್ಟರು. ಅದೂ ನನಗೆ ಹಿತವಾಗಿಯೇ ಕೇಳಿಸುತ್ತಿತ್ತು. ಎರಡು ಮೂರು ವರ್ಷವಾದ ಮೇಲೆ ಒಂದು ರೂಢಿ ಬಂತು. ಸ್ಥಳ ನೋಡಿದ ಕೂಡಲೇ ಹೆಡ್ ಕಾನ್‌ಸ್ಟೇಬಲ್ ಹಾಳೆ ಮುಂದೆ ಮಾಡಿ, “ನಿಮ್ಮ ಕೆಲಸ ಯಾಕ ಕೆಡಿಸಬೇಕು ಯಜಮಾನ್ರೇ, ಕೆಳಗೊಂದು ಸಹಿ ಹಾಕಿ ಹೋಗ್ರಿ, ನಾವು ನಿಧಾನಕ್ಕೆ ಬರ್ಕೊಂತೀವಿ” ಎನ್ನುತ್ತಿದ್ದರು. ಖಾಲಿ ಹಾಳೆ. ಅಡಿಯಲ್ಲಿ ನನ್ನ ಸಹಿ. ನನ್ನ ಹೊತ್ತಿಗೆ ಅವರು ಕೊಡುವ ಮರ್ಯಾದೆ ಅದು ಎಂದು ತಿಳಿದಿದ್ದೆ. ಅಚ್ಚಿಗೆ ಕೂರುವ ಒಂದು ಬುಷ್ ಹೆರೆಯುವಾಗ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ಎತ್ತಿ ಎಸೆಯುವ ನಾನು, ಖಾಲಿ ಹಾಳೆಗೆ ಸಹಿ ಹಾಕಿ ಚಾ ಕುಡಿದು ಬರುತ್ತಿದ್ದೆ.

ನನ್ನ ಪಕ್ಕದ ಮಳಿಗೆಯಲ್ಲಿ ಒಬ್ಬ ಹೆಣ್ಣುಮಗಳು ಹೊಲಿಗೆ ಅಂಗಡಿ ಇಟ್ಟಿದ್ದಳು. ಮುಸಲ್ಮಾನರವಳು, ನಲವತ್ತರ ಹತ್ತಿರದ ವಯಸ್ಸು, ಗಂಡ ತೀರಿಹೋಗಿದ್ದ. ನಡುವೆ ಒಂದೇ ಗೋಡೆ. ನಾನು ಅವಳನ್ನು ತಂಗಿ ಎನ್ನುತ್ತಿದ್ದೆ, ಅವಳು ಅಣ್ಣಾ ಎನ್ನುತ್ತಿದ್ದಳು. ನನ್ನ ಲೇಥ್ ಜೋರು ಮಾಡಿದಾಗ ಗೋಡೆ ಗುದ್ದಿ, “ಅಣ್ಣಾ, ನನ್ನ ಸೂಜಿ ನಡುಗ್ತೈತೆ, ಸ್ವಲ್ಪ ಕರುಣೆ ಇರ್ಲಿ!” ಎಂದು ಕೂಗುವಳು. ಅವಳ ಅಂಗಡಿಗೆ ಠಾಣೆಯ ಹೆಣ್ಣು ಪೇದೆಗಳೆಲ್ಲ ಬರುತ್ತಿದ್ದರು. ಅವರಿಗೆ ಬರುವ ಖಾಕಿ ಅಂಗಿ ಗಂಡಸರ ಅಳತೆಯದು. ಭುಜ ಜೋತು ಬೀಳುತ್ತದೆ, ಎದೆಯ ಹತ್ತಿರ ಗುಂಡಿ ಹಿಡಿಯುವುದಿಲ್ಲ. ಅದನ್ನೆಲ್ಲ ಬಿಚ್ಚಿ, ಮೈಗೆ ಕೂಡುವಂತೆ ಮತ್ತೆ ಹೊಲಿದು ಕೊಡುವವಳು ಇವಳೇ. ಇನ್ನೊಂದು ವಿಷಯ: ಠಾಣೆಯ ಹೆಂಗಸರ ಶೌಚಾಲಯಕ್ಕೆ ಬೀಗ. ಒಳಗೆ ಜಪ್ತಿಯಾದ ಬೈಕುಗಳ ಬಿಡಿಭಾಗ ತುಂಬಿದ್ದರು. ಹೆಣ್ಣು ಪೇದೆಗಳು ಇವಳ ಅಂಗಡಿಯ ಹಿಂದಿನ ಬಚ್ಚಲಿಗೆ ಬರುತ್ತಿದ್ದರು. ಸರ್ಕಾರ ಬಂದೂಕು ಕೊಟ್ಟ ಹೆಂಗಸರಿಗೆ ಬಾಗಿಲು ಕೊಟ್ಟಿದ್ದು ಒಬ್ಬ ದರ್ಜಿ.

ಎರಡು ವರ್ಷಗಳ ಹಿಂದೆ, ಶ್ರಾವಣದ ಒಂದು ಬೆಳಿಗ್ಗೆ, ನಾನು ಸರಳು ತರಲು ದಾವಣಗೆರೆಯಲ್ಲೇ ಉಳಿದಿದ್ದೆ. ಮಧ್ಯಾಹ್ನ ಅಂಗಡಿಗೆ ಬಂದರೆ ಅವಳು ತನ್ನ ಮಳಿಗೆಯ ಮೆಟ್ಟಿಲ ಮೇಲೆ ಕೂತಿದ್ದಳು. ಬುರ್ಖಾದ ಒಂದು ತೋಳು ಭುಜದಿಂದ ಕಿತ್ತಿತ್ತು. ಕೈಗೆ ಕರ್ಚೀಪು ಸುತ್ತಿದ್ದಳು, ಅದರಲ್ಲಿ ರಕ್ತ.

ನಮ್ಮ ಸಾಲಿನ ಮಳಿಗೆಗಳೆಲ್ಲ ಒಬ್ಬ ಸಾಹುಕಾರನವು. ಅವನು ನಮ್ಮವನೇ, ಲಿಂಗಾಯತ. ಮಠಕ್ಕೆ ಬಂದರೆ ಮೊದಲ ಸಾಲಿನಲ್ಲಿ ಕೂರುವವನು. ಅವಳ ಮಳಿಗೆಯನ್ನು ಬಿಡಿಸಿ ಬೇರೆಯವರಿಗೆ ಕೊಡಬೇಕೆಂದು ಆರು ತಿಂಗಳಿಂದ ಪೀಡಿಸುತ್ತಿದ್ದ. ಅವತ್ತು ಬೆಳಿಗ್ಗೆ ಒಳಗೆ ಬಂದು ಪರದೆ ಎಳೆದನಂತೆ. ಮಳಿಗೆ ಉಳಿಸಿಕೊಳ್ಳಲು ಏನು ಮಾಡಬೇಕೆಂದು ಹೇಳಿದನಂತೆ. ಆ ಮಾತನ್ನು ಅವಳು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೈ ಹಿಡಿದು ಎಳೆದ. ಅವಳು ದಬ್ಬಿದಳು. ಹೋಗುವಾಗ ಹೊಲಿಗೆ ಮಷೀನನ್ನು ಒದ್ದು ಕೆಡವಿದ.

“ಏನೂ ಮುಟ್ಟಿಲ್ಲ ಅಣ್ಣಾ,” ಎಂದಳು. “ಬಳೆ ಚೂರು, ಮಷೀನು, ಪರದೆ, ಎಲ್ಲಾ ಬಿದ್ದಂಗೇ ಐತೆ. ಅವರು ಬಂದು ನೋಡ್ಲಿ.”

“ಠಾಣೆಗೆ ಹೋಗ್ತೀಯಾ?”

“ಹೋಗ್ದೆ? ಅಲ್ಲಿರೋ ಅರ್ಧ ಖಾಕಿ ನನ್ನ ಕೈಯಾಗೇ ಹೊಲ್ದಿದ್ದು. ನಂಗ್ಯಾಕ ಭಯ?”

“ಹೋಗಿ ಬಾ ತಂಗಿ. ನಮ್ಮ ಪರಿಚಯದೋರೇ ಅದಾರೆ,” ಎಂದೆ. ಹೌದು, ಹಾಗೆಯೇ ಎಂದೆ. ಒಂದು ಅರ್ಜೆಂಟ್ ಕೆಲಸವಿತ್ತು, ನಾನು ಹೋಗಲಿಲ್ಲ.

ಸಂಜೆ ಐದಾದರೂ ಅವಳು ಬರಲಿಲ್ಲ. ಕೈ ತೊಳೆದು ಠಾಣೆಗೆ ಹೋದೆ. ಗೋಡೆ ಪಕ್ಕದ ಬೆಂಚಿನ ಮೇಲೆ ಕೂತಿದ್ದಳು. ಅದೇ ಕರ್ಚೀಪು. ನನಗೆ ಎಂದಿನಂತೆ ಕುರ್ಚಿ ಬಂತು.

“ಬರ್ರಿ ಯಜಮಾನ್ರೇ, ಕೂಡ್ರಿ,” ಎಂದರು ಸಬ್ ಇನ್‌ಸ್ಪೆಕ್ಟರ್. ಅವಳ ಕಡೆ ಗಲ್ಲ ಎತ್ತಿ, “ನೀವೂ ಬೂಬಮ್ಮನ ಕಡೇಯೋರಾ?”

“ಪಕ್ಕದ ಅಂಗಡಿ ಸಾರ್. ಪಾಪದ ಹೆಣ್ಮಗಳು.”

“ಪಾಪಾನೇ. ಆದ್ರೆ ನಂಗೊಂದು ಡೌಟು ಐತೆ ನೋಡ್ರಿ. ಮೈ ಪೂರ್ತಿ ಕರೀ ಬಟ್ಟೆ ಹೊದ್ದೋಳು. ಸಾಹುಕಾರ್ರಿಗೆ ಕೈ ಎಲ್ಲೈತೆ ಅಂತ ಹೆಂಗೆ ಗೊತ್ತಾತು?”

ಠಾಣೆ ನಕ್ಕಿತು. ಹೆಡ್ ಕಾನ್‌ಸ್ಟೇಬಲ್ ನಕ್ಕರು, ಬರೆಯುವವನು ನಕ್ಕ, ಬೇರೆ ಕೆಲಸಕ್ಕೆ ಬಂದಿದ್ದ ಇಬ್ಬರು ನಕ್ಕರು. ನಾನೂ ನಕ್ಕೆ. ಇದನ್ನು ಬಿಟ್ಟು ಬರೆಯಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಕುರ್ಚಿಯ ಮೇಲೆ ಕೂತ ಬಾಯಿ ತಾನಾಗಿಯೇ ನಕ್ಕಿತು. ಅವಳು ನನ್ನನ್ನು ನೋಡಿದಳು, ಆಮೇಲೆ ನೆಲ ನೋಡಿದಳು.

ಮೂಲೆಯಲ್ಲಿ ‘ಮಹಿಳಾ ಸಹಾಯ ಕೇಂದ್ರ’ ಎಂಬ ಫಲಕ, ಅದರ ಕೆಳಗೆ ಒಂದು ಮೇಜು. ಅಲ್ಲಿ ಒಬ್ಬ ಹೊಸ ಹೆಣ್ಣು ಪೇದೆ ಹೇಳಿಕೆ ಬರೆಯಲು ಕೂತಿದ್ದಳು. ಇಪ್ಪತ್ತನಾಲ್ಕು ಇಪ್ಪತ್ತೈದರ ಹುಡುಗಿ, ಅವಳ ಅಂಗಿಯನ್ನೂ ಇವಳೇ ಅಳತೆಗೆ ತಂದುಕೊಟ್ಟಿದ್ದಳು. ಹೆಂಗಸಿನ ಹೇಳಿಕೆಯನ್ನು ಹೆಂಗಸೇ ಬರೆಯಬೇಕೆಂದು ಕಾನೂನು. ಬರೆದದ್ದು ಹೆಂಗಸೇ, ಹೇಳಿ ಬರೆಸಿದ್ದು ಸಬ್ ಇನ್‌ಸ್ಪೆಕ್ಟರ್, ಕೂತಲ್ಲಿಂದಲೇ.

“‘ಎಳೆದ’ ಬ್ಯಾಡಮ್ಮಾ. ‘ಕೈ ತಾಗಿತು’ ಅಂತ ಬರಿ.”

“ಸಾರ್, ಅವರು ಎಳೆದ ಅಂತಾನೇ...”

“ಅವರು ಹೇಳ್ತಾರೆ, ಅವರ ಮಂದಿ ಎಲ್ಲದಕ್ಕೂ ಕೂಗಾಡ್ತಾರೆ. ನೀನು ಹೊಸಬಳು, ಬರಿಯೋದು ಕಲಿ ಮೊದ್ಲು.”

ಹುಡುಗಿ ಬರೆದಳು. ನಾನು ಚಾ ಕುಡಿದೆ.

ಸ್ಥಳ ಮಹಜರಿಗೆ ಅವರು ಬಂದದ್ದು ಮರುದಿನ ಸಂಜೆ. ಅಲ್ಲಿಯವರೆಗೆ ಅವಳು ಮಳಿಗೆಯೊಳಗೆ ಕಾಲಿಡಲಿಲ್ಲ. ಮೆಟ್ಟಿಲ ಮೇಲೆಯೇ ಕೂತು ಕಾದಳು, ಗಿರಾಕಿಗಳನ್ನು ವಾಪಸು ಕಳಿಸಿದಳು, ಬಾಗಿಲಲ್ಲಿ ಮೂಸಿದ ನಾಯಿಯನ್ನೂ ಓಡಿಸಿದಳು. ಸಬ್ ಇನ್‌ಸ್ಪೆಕ್ಟರ್, ಹೆಡ್ ಕಾನ್‌ಸ್ಟೇಬಲ್, ಆ ಹುಡುಗಿ ಪೇದೆ ಬಂದರು. ಪಂಚರು ನಾನು ಮತ್ತು ಖಾನಾವಳಿ ಮಾಲೀಕ. ನಾನು ನೋಡಿದ್ದು ಇದು: ಬೋರಲು ಬಿದ್ದ ಮಷೀನು, ಅದರ ಚಕ್ರ ಸೊಟ್ಟ. ಕೊಂಡಿ ಸಮೇತ ಕಿತ್ತ ಪರದೆ. ನೆಲದ ಮೇಲೆ ಹಸಿರು ಬಳೆಯ ಚೂರು, ಒಂದೆರಡರ ಮೇಲೆ ಒಣಗಿದ ರಕ್ತ. ಹುಡುಗಿ ಪೇದೆ ಮಂಡಿಯೂರಿ ಆ ಚೂರುಗಳನ್ನು ಎಣಿಸಿ ಒಂದು ಕವರಿಗೆ ಹಾಕಿದಳು. ಎಲ್ಲವನ್ನೂ ಮೊಬೈಲಿನಲ್ಲಿ ವಿಡಿಯೊ ಮಾಡಬೇಕಂತೆ ಈಗ. ಹೆಡ್ ಕಾನ್‌ಸ್ಟೇಬಲ್ ಮೊಬೈಲು ಎತ್ತಿ ಹಿಡಿದರು, ಮನೆಯಿಂದ ಫೋನು ಬಂತು, “ಬರ್ತೀನಿ ಕಣೇ, ಕೊತ್ತಂಬರಿ ತರ್ತೀನಿ” ಎಂದು ಜೇಬಿಗೆ ಹಾಕಿಕೊಂಡರು. ಮತ್ತೆ ತೆಗೆಯಲಿಲ್ಲ.

ಆಮೇಲೆ ಹಾಳೆ ಮುಂದೆ ಬಂತು. “ಹಾಕ್ರಿ ಯಜಮಾನ್ರೇ, ಲೈಟು ಬೇರೆ ಇಲ್ಲ, ಠಾಣೆಯಾಗೆ ಕೂತು ಬರ್ಕೊಂತೀವಿ.”

ಖಾಲಿ ಹಾಳೆ. ಹಾಕಿದೆ. ನನ್ನ ಕಣ್ಣ ಮುಂದೆಯೇ ಎಲ್ಲ ಬಿದ್ದಿರುವಾಗ ಬೇರೆ ಏನು ಬರೆದಾರು ಎಂದುಕೊಂಡೆ. ಅವಳು ಮೆಟ್ಟಿಲ ಮೇಲೆ ನಿಂತು ನಾನು ಸಹಿ ಹಾಕುವುದನ್ನು ನೋಡುತ್ತಿದ್ದಳು. ಹಿಂದಿನ ದಿನದ ನಗುವನ್ನು ಮರೆತವಳಂತೆ, “ಅಣ್ಣಾ ಸಹಿ ಮಾಡ್ಯಾರೆ, ಇನ್ನೇನು ಚಿಂತಿಲ್ಲ” ಎಂದಳು.

ಮೂರೂವರೆ ತಿಂಗಳಾದ ಮೇಲೆ ಅವಳಿಗೆ ಕೋರ್ಟಿನಿಂದ ನೋಟಿಸು ಬಂತು. ಪೊಲೀಸರು ಬಿ ರಿಪೋರ್ಟ್ ಹಾಕಿದ್ದಾರೆ, ತಕರಾರು ಇದ್ದರೆ ಹೇಳು ಎಂದು. ಬಿ ರಿಪೋರ್ಟ್ ಎಂದರೆ ತನಿಖೆ ಮಾಡಿದೆವು, ದೂರಿನಲ್ಲಿ ಹುರುಳಿಲ್ಲ, ಮುಚ್ಚಿಬಿಡಿ ಎಂದು ಪೊಲೀಸರು ಕೊಡುವ ವರದಿ. ವಕೀಲರ ಕಡೆಯಿಂದ ನಕಲು ತೆಗೆಸಿಕೊಂಡು ನೇರ ನನ್ನ ಅಂಗಡಿಗೆ ಬಂದಳು. ಅವಳು ಓದಿದ್ದು ಉರ್ದು ಶಾಲೆಯಲ್ಲಿ; ಕನ್ನಡದ ಅಂಗಡಿ ಬೋರ್ಡು ಓದುತ್ತಾಳೆ, ಸರ್ಕಾರಿ ಕನ್ನಡ ಹತ್ತುವುದಿಲ್ಲ. ಕಾಗದಗಳನ್ನು ನನ್ನ ಲೇಥಿನ ಮೇಲೆ ಇಟ್ಟಳು.

“ಓದ್ರಿ ಅಣ್ಣಾ. ದಿನಾ ಪೇಪರ್ ಓದೋರು ನೀವು.”

ಮಷೀನು ನಿಲ್ಲಿಸಿದೆ. ಮೂರನೇ ಹಾಳೆಯಲ್ಲಿ ಮಹಜರು ಇತ್ತು. ಜೋರಾಗಿ ಓದತೊಡಗಿದೆ. “‘ಸದರಿ ಮಳಿಗೆಯಲ್ಲಿ ಪರಿಶೀಲಿಸಲಾಗಿ, ಹೊಲಿಗೆ ಯಂತ್ರವು ಸುಸ್ಥಿತಿಯಲ್ಲಿ ಇದ್ದು, ಪರದೆಯು ಯಥಾಸ್ಥಿತಿಯಲ್ಲಿ ಇದ್ದು, ನೆಲದ ಮೇಲೆ ಗಾಜಿನ ಚೂರುಗಳಾಗಲೀ ರಕ್ತದ ಕಲೆಗಳಾಗಲೀ ಘರ್ಷಣೆ ನಡೆದ ಯಾವುದೇ ಕುರುಹುಗಳಾಗಲೀ ಕಂಡುಬಂದಿರುವುದಿಲ್ಲ...’” ಅಲ್ಲಿಗೆ ನನ್ನ ದನಿ ಕೆಳಗಿಳಿದಿತ್ತು.

“ಮುಂದೆ?”

“‘ಪಂಚರಿಗೆ ಓದಿ ಹೇಳಲಾಗಿ, ಅವರು ಕೇಳಿ ಸರಿಯಿದೆ ಎಂದು ಒಪ್ಪಿ ಸಹಿ ಮಾಡಿರುತ್ತಾರೆ.’”

“ಯಾರ ಸಹಿ?”

ಕೆಳಗೆ ಇತ್ತು. ದುಂಡಗೆ, ಸ್ಪಷ್ಟವಾಗಿ, ನಾನು ಹೆಮ್ಮೆ ಪಡುವ ಅಕ್ಷರ. ಅವಳಿಗೆ ಅಷ್ಟು ಕನ್ನಡ ಬರುತ್ತಿತ್ತು.

“ನೀವು ನೋಡಿದ್ರಲ್ಲ ಅಣ್ಣಾ,” ಎಂದಳು. ಕೂಗಲಿಲ್ಲ, ಅಳಲಿಲ್ಲ. “ನಿಮ್ಮ ಕಾಲ ಹತ್ರಾನೇ ಬಿದ್ದಿತ್ತಲ್ಲ ಬಳೆ. ಊರಾಗೆಲ್ಲಾ ನಾನು ಸುಳ್ಳಿ ಅಂತಾರೆ ಈಗ. ಮಳಿಗೆಗಾಗಿ ಗಂಡಸಿನ ಮೇಲೆ ಹೆಸರು ಹಾಕ್ದೋಳು ಅಂತಾರೆ. ಹದಿನೆಂಟು ತುಂಬಿದ ಮಗಳೈತೆ ಮನೆಯಾಗೆ. ಆಕೀನ ಯಾರು ಕೇಳ್ತಾರೆ ಇನ್ನು?”

ನನ್ನ ಬಾಯಿಂದ ಬಂದದ್ದು, “ನಾನು ಓದಲಿಲ್ಲ ತಂಗಿ.” ಅವಳು ಕಾಗದ ಮಡಚಿಕೊಂಡು ಹೋದಳು. ಅವತ್ತು ನನಗೆ ಹೇಸಿಗೆ ಹುಟ್ಟಿತು. ಅವರ ಮೇಲೆ ಎಷ್ಟೋ, ನನ್ನ ಮೇಲೂ ಅಷ್ಟೇ.

ಆ ದಿನವೇ ಠಾಣೆಗೆ ಹೋದೆ. ಸಬ್ ಇನ್‌ಸ್ಪೆಕ್ಟರ್ ಮೊಬೈಲು ನೋಡುತ್ತಲೇ ಕೂಡ್ರಿ ಎಂದರು. ಕೂರಲಿಲ್ಲ.

“ಸಾರ್, ನಾನು ನೋಡಿದ್ದು ಒಂದು, ನೀವು ಬರೆದದ್ದು ಒಂದು.”

“ಏನ್ರಿ ಯಜಮಾನ್ರೇ, ಎಂಟನೇ ಕ್ಲಾಸಿನೋರು ಮಹಜರು ತಿದ್ದೋಕೆ ಬಂದ್ರಾ? ನಿಮಗೆ ಓದಿ ಹೇಳೀವಲ್ಲ, ಬರ್ದೈತಲ್ಲ ಅಲ್ಲಿ.”

“ಯಾರೂ ಓದಿ ಹೇಳಿಲ್ಲ. ಹಾಳೆ ಖಾಲಿ ಇತ್ತು.”

ಆಗ ಮೊಬೈಲು ಕೆಳಗಿಟ್ಟರು. “ಖಾಲಿ ಇತ್ತು ಅಂತ ಕೋರ್ಟಿನಾಗೆ ಹೇಳ್ರಿ. ಹೇಳ್ರಿ, ಯಾರು ಬ್ಯಾಡ ಅಂದ್ರು? ಹತ್ತು ವರ್ಷದಾಗೆ ಹಾಕಿದ ಸಹೀಗೆಲ್ಲ ಉತ್ತರ ಕೊಡೋಕೆ ತಯಾರಾಗಿ ಬರ್ರಿ. ಸಾಹುಕಾರ್ರು ನಿಮ್ಮೋರೇ, ನಾಳೆ ಮಠದಾಗೆ ಮುಖ ಹೆಂಗೆ ತೋರಿಸ್ತೀರಿ?” ಆಮೇಲೆ ದನಿ ತಗ್ಗಿಸಿ, ನಗುತ್ತ, “ಅಥವಾ ಆ ಬೂಬಮ್ಮನಿಗೂ ನಿಮಗೂ ನಡುವೆ ಬರೀ ಒಂದು ಗೋಡೇನಾ?”

ಆ ನಗುವನ್ನು ನಾನು ಮೊದಲೂ ಕೇಳಿದ್ದೆ. ಅದರಲ್ಲಿ ಸೇರಿಯೂ ಇದ್ದೆ. ಈ ಸಲ ಅದು ನನ್ನ ಮೇಲೆ ಬಂದಾಗಲೇ ಅದರ ವಾಸನೆ ತಿಳಿದದ್ದು. ಚರಂಡಿಯ ಮುಚ್ಚಳ ತೆಗೆದ ಹಾಗೆ.

ಅದೇ ವಾರ ದಾವಣಗೆರೆಯಲ್ಲಿ ಒಂದು ಮೆರವಣಿಗೆ ಇತ್ತು. ರಸ್ತೆಯ ತಿರುವಿನಲ್ಲಿ ಆ ಹುಡುಗಿ ಪೇದೆ ಬಂದೋಬಸ್ತಿಗೆ ನಿಂತಿದ್ದಳು. ಬೈಕು ನಿಲ್ಲಿಸಿ ನೀರಿನ ಬಾಟಲಿ ಕೊಟ್ಟೆ.

“ಬ್ಯಾಡ ಅಣ್ಣಾರೇ. ಸಂಜೆವರೆಗೂ ಇಲ್ಲೇ ನಿಲ್ಲಬೇಕು. ಕುಡಿದ್ರೆ ಎಲ್ಲಿಗೆ ಹೋಗ್ಲಿ?”

ಬಳೆ ಚೂರಿನ ಕವರು ಏನಾಯಿತು ಎಂದು ಕೇಳಿದೆ. ಸುತ್ತ ನೋಡಿದಳು.

“ಹನ್ನೊಂದು ಚೂರು ಇದ್ವು. ನಾನೇ ಎಣಿಸಿ, ಕವರಿನ ಮೇಲೆ ಬರೆದು ಮೇಜಿನ ಮೇಲಿಟ್ಟೆ. ಮರುದಿನ ಕವರೇ ಇಲ್ಲ. ಕೇಳಿದ್ದಕ್ಕೆ, ‘ಬಳೆ ಅಂಗಡಿ ಇಡ್ತೀಯೇನಮ್ಮಾ’ ಅಂದ್ರು.”

“ಕೋರ್ಟಿಗೆ ಬಂದು ಹೇಳ್ತೀಯೇನವ್ವಾ?”

ಮೆರವಣಿಗೆಯ ಡೊಳ್ಳು ಹತ್ತಿರ ಬರುತ್ತಿತ್ತು.

“ನನ್ನ ಪ್ರೊಬೇಷನ್ನೇ ಮುಗಿದಿಲ್ಲ. ನಾನು ಹೇಳಿದ್ರೆ, ಹೊಸ ಹುಡುಗಿ, ತಿಳೀಲಿಲ್ಲ ಅಂತಾರೆ. ಆ ಅಕ್ಕ ಹೇಳಿದ್ರೆ, ಅವರ ಮಂದಿ ಹಂಗೇ ಅಂತಾರೆ. ನಿಮಗೆ ಏನಂತಾರೆ ಹೇಳ್ರಿ? ಗಂಡಸರು, ಹಣೆ ಮೇಲೆ ವಿಭೂತಿ, ಸ್ವಂತ ಅಂಗಡಿ. ಅದಕ್ಕೇ ಅಲ್ವೇನ್ರಿ ಇಷ್ಟು ವರ್ಷ ನಿಮ್ಮನ್ನೇ ಕರೆದಿದ್ದು? ನಿಮ್ಮ ಚಂದದ ಮೋರೆ ನೋಡಿ ಕರೆದ್ರು ಅಂದ್ಕೊಂಡ್ರಾ?”

ಹೇಳಿ ಆಚೆ ತಿರುಗಿ ಸೀಟಿ ಊದಿದಳು. ನನ್ನ ಮಗಳ ವಯಸ್ಸಿನವಳು. ಸಿಟ್ಟು ಬಂತು, ಆದರೆ ಅವಳು ಹೇಳಿದ್ದು ನಿಜ. ನಾನು ಎಂದುಕೊಂಡಿದ್ದು ನನ್ನ ದುಡಿಮೆಗೆ, ನಡತೆಗೆ ಕುರ್ಚಿ ಬಂತು ಎಂದು. ಕುರ್ಚಿ ಬಂದದ್ದು ನನ್ನ ಹಣೆಗೆ. ಅವಳಿಗೆ ಬೆಂಚು ಬಂದದ್ದು ಅವಳ ಬಟ್ಟೆಗೆ.

ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆ, ಗೋಡೆಯ ಮಾತನ್ನೂ. ಅವಳು ಸೊಪ್ಪು ಬಿಡಿಸುತ್ತಿದ್ದಳು.

“ಹೋಗಿ ಹೇಳ್ರಿ,” ಎಂದಳು.

“ಜನ ಏನಂತಾರೆ?”

“ಅನ್ನೋರು ಅಂತಾರೆ. ನಾನೂ ಕೋರ್ಟಿಗೆ ಬಂದು ಆಕೀ ಪಕ್ಕ ಕೂಡ್ತೀನಿ. ಆಗ ಏನಂತಾರೋ ನೋಡಾಣ.” ಸೊಪ್ಪಿನ ದಂಟನ್ನು ಪಟ್ಟನೆ ಮುರಿದಳು. “ಗೌರವಾನ್ವಿತ ಅಂತೆ. ಅವತ್ತು ಎರಡೆರಡು ಸಲ ಹೇಳಿದ್ರಿ ನಂಗೆ. ಓದಿ ಸಹಿ ಹಾಕಾಕ ಐದು ನಿಮಿಷ ಆಗ್ತಿರ್ಲಿಲ್ಲ?”

ಹೊಲಿಗೆ ಅಂಗಡಿಯ ತಂಗಿಯ ವಕೀಲರು ತಕರಾರು ಅರ್ಜಿ ಹಾಕಿದರು. ಸಾಕ್ಷಿಯಾಗಿ ನಾನು ಹೇಳಿಕೆ ಕೊಡಬೇಕೆಂದು ದಿನ ಗೊತ್ತಾಯಿತು. ಅದಕ್ಕೂ ಮೊದಲು ಖಾನಾವಳಿ ಮಾಲೀಕನ ಹತ್ತಿರ ಹೋಗಿ ಬರುತ್ತೀಯಾ ಎಂದು ಕೇಳಿದೆ. “ನಂಗೆ ಏನೂ ನೆನಪಿಲ್ಲ ಮಾರಾಯ, ಠಾಣೆ ಮುಂದೇನೇ ಅನ್ನ ಬೇಯಿಸ್ಬೇಕು,” ಎಂದ. ಅವನ ಮೇಲೆ ಕೋಪ ಮಾಡುವ ಯೋಗ್ಯತೆ ನನಗಿರಲಿಲ್ಲ.

ಕೋರ್ಟಿನಲ್ಲಿ ಪ್ರಮಾಣ ಮಾಡಿಸಿದರು. ನಾನು ನೋಡಿದ್ದನ್ನೆಲ್ಲ ಹೇಳಿದೆ: ಮಷೀನು, ಸೊಟ್ಟ ಚಕ್ರ, ಪರದೆ, ಬಳೆ, ರಕ್ತ, ಕವರು. ಮ್ಯಾಜಿಸ್ಟ್ರೇಟರು ಮಹಜರು ತೋರಿಸಿದರು.

“ಈ ಸಹಿ ನಿಮ್ಮದೇನಾ?”

“ನನ್ನದೇ ಸ್ವಾಮಿ.”

“ನಿಮಗೆ ಓದಲು ಬರುವುದಿಲ್ಲವೇ?”

ಇಲ್ಲಿ ಒಂದು ದಾರಿ ಇತ್ತು. ಬರುವುದಿಲ್ಲ ಎಂದರೆ ಮುಗಿಯಿತು. ನಾನೂ ಮೋಸಹೋದ ಬಡಪಾಯಿಯಾಗುತ್ತಿದ್ದೆ, ಯಾರೂ ಏನೂ ಅನ್ನುತ್ತಿರಲಿಲ್ಲ. ವಕೀಲರೂ ಹಿಂದಿನ ದಿನ ಅದನ್ನೇ ಸೂಚಿಸಿದ್ದರು. ಹಿಂದೆ ಬೆಂಚಿನಲ್ಲಿ ನನ್ನ ಹೆಂಡತಿಯೂ ಅವಳೂ ಪಕ್ಕಪಕ್ಕ ಕೂತಿದ್ದರು.

“ಚೆನ್ನಾಗಿ ಬರುತ್ತದೆ ಸ್ವಾಮಿ. ಆದರೆ ಸಹಿ ಹಾಕುವಾಗ ಹಾಳೆ ಖಾಲಿ ಇತ್ತು. ಓದುವುದಕ್ಕೆ ಏನೂ ಇರಲಿಲ್ಲ.”

“ಖಾಲಿ ಹಾಳೆಗೆ ಯಾಕೆ ಸಹಿ ಹಾಕಿದಿರಿ?”

“ಪ್ರತಿ ಸಲ ಹಾಗೆಯೇ ಹಾಕುತ್ತಿದ್ದೆ.”

“ಎಷ್ಟು ಸಲ?”

“ಎಣಿಸಿಲ್ಲ.”

ಯಾರೋ ಕಿಸಕ್ಕೆಂದರು. ಮ್ಯಾಜಿಸ್ಟ್ರೇಟರು ತಲೆ ಎತ್ತಿ ನೋಡಿದರು, ಸದ್ದಡಗಿತು. ನನ್ನ ಕಡೆ ತಿರುಗಿ, “ನಿಮ್ಮಂಥವರ ಸಹಿ ನಂಬಿ ಜನರನ್ನು ಒಳಗೆ ಹಾಕುತ್ತೇವೆ, ಬಿಡುತ್ತೇವೆ. ಗೊತ್ತೇ?” ಎಂದರು. ಗೊತ್ತಿರಲಿಲ್ಲ ಎಂದರೆ ಸುಳ್ಳು. ಯೋಚಿಸಿರಲಿಲ್ಲ. ಮಟ್ಕಾದವನು, ಮರಳಿನ ಲಾರಿಯ ಡ್ರೈವರು, ಬೈಕು ಕದ್ದನೆಂದು ಹಿಡಿದ ಕೊಂಡಜ್ಜಿ ಊರಿನ ಕಡೆಯ ಒಬ್ಬ ಕೂಲಿಯವನು: ಯಾರ ಹಾಳೆಯಲ್ಲಿ ಏನು ಬರೆದರೋ. ಆ ಕೂಲಿಯವನ ಮುಖ ನನಗೆ ನೆನಪಿದೆ. ನನ್ನನ್ನು ನೋಡಿ ಕೈ ಮುಗಿದಿದ್ದ. ನಾನು ತಲೆಯಾಡಿಸಿ ಚಾ ಲೋಟ ಕೆಳಗಿಟ್ಟಿದ್ದೆ.

ಬಿ ರಿಪೋರ್ಟನ್ನು ಕೋರ್ಟು ಒಪ್ಪಲಿಲ್ಲ. ಸಾಹುಕಾರನ ಮೇಲೆ ಕೇಸು ನಡೆಸುವುದಕ್ಕೆ ಆದೇಶವಾಗಿ ಅವನಿಗೆ ಸಮನ್ಸ್ ಹೋಯಿತು. ಅವಳು ಗೆದ್ದಳು ಎಂದು ಬರೆಯಲಾರೆ. ಕೇಸು ಈಗಷ್ಟೇ ಶುರುವಾಗಿದೆ. ಅವನು ದಿನಾಂಕದ ಮೇಲೆ ದಿನಾಂಕ ಪಡೆಯುತ್ತಿದ್ದಾನೆ. ಸಬ್ ಇನ್‌ಸ್ಪೆಕ್ಟರಿಗೆ ಬೇರೆ ಊರಿಗೆ ವರ್ಗವಾಯಿತು. ಶಿಕ್ಷೆಯಲ್ಲ, ಅವರು ಕೇಳಿಕೊಂಡಿದ್ದ ಊರಿಗೇ. ಹೆಡ್ ಕಾನ್‌ಸ್ಟೇಬಲ್ ನಿವೃತ್ತರಾದರು, ಹಾರ ಹಾಕಿ ಕಳಿಸಿದರು. ಹುಡುಗಿ ಪೇದೆ ಇನ್ನೂ ರಸ್ತೆಯ ತಿರುವುಗಳಲ್ಲಿ ನಿಲ್ಲುತ್ತಾಳೆ. ಮಠದಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ಒಂದು ಸಾಲು ಹಿಂದೆ ಸರಿದಿದ್ದಾರೆ. ಒಬ್ಬ ಹಿರಿಯರು ಮಾತ್ರ ಕೇಳಿದರು, “ಒಂದು ಮುಸಲ್ಮಾನ ಹೆಣ್ಣಿಗೋಸ್ಕರ ನಮ್ಮ ಮನುಷ್ಯನ್ನ ಬೀದಿಗೆ ಎಳೀಬೇಕಿತ್ತೇನಪ್ಪಾ?” ಬೀದಿಯಲ್ಲಿ ಕಿತ್ತ ತೋಳು ಹಿಡಿದುಕೊಂಡು ಎರಡು ದಿನ ಕೂತವಳು ಅವಳು ಎಂದೆ. ಅವರು ಎದ್ದು ಪ್ರಸಾದಕ್ಕೆ ಹೋದರು.

ನಮ್ಮಿಬ್ಬರ ಮಳಿಗೆಗಳನ್ನೂ ಸಾಹುಕಾರ ಬಿಡಿಸಿದ. ಅವಳು ಈಗ ಮನೆಯಲ್ಲೇ ಹೊಲಿಯುತ್ತಾಳೆ. ಮಷೀನಿನ ಚಕ್ರವನ್ನು ನಾನು ಹೊಸದಾಗಿ ಹೆರೆದು ಕೂರಿಸಿ ಕೊಟ್ಟೆ. ಅವಳ ಮಗಳು ಡಿಪ್ಲೊಮಾಕ್ಕೆ ಸೇರಿದ್ದಾಳೆ. ಚಕ್ರ ಕೊಡಲು ಹೋದಾಗ ಅವಳು ಚಾ ಕೊಟ್ಟಳು, ಆದರೆ ಮೊದಲಿನಂತೆ ಮಾತಾಡಲಿಲ್ಲ. ಯಾಕೆ ಮಾತಾಡಬೇಕು? ಕೋರ್ಟಿನಲ್ಲಿ ನಿಜ ಹೇಳಿದವನು ನಾನು ಎನ್ನುವುದು ನಿಜ. ಠಾಣೆಯಲ್ಲಿ ನಕ್ಕವನೂ ನಾನೇ.

ಕೋರ್ಟಿಗೆ ಹೋಗಿ ಬಂದ ಮೇಲೆ ಬೇರೆ ಠಾಣೆಯ ಪೇದೆಯೊಬ್ಬ ನನ್ನ ಹೊಸ ಶೆಡ್ಡಿಗೆ ಬಂದಿದ್ದ, ವಿಷಯ ತಿಳಿಯದವನು. “ಯಜಮಾನ್ರೇ, ಒಂದು ಜಪ್ತಿ ಐತೆ, ಪಂಚರಾಗಿ ಬರ್ತೀರಾ?” ಎಂದ. ಹೋದೆ. ಎಲ್ಲವನ್ನೂ ನೋಡಿದೆ. ಬರೆದು ಮುಗಿಸುವವರೆಗೆ ನಿಂತೆ. ಎರಡು ಸಲ ಓದಿದೆ, ಒಂದು ಕಡೆ ತಿದ್ದಿಸಿದೆ, ಆಮೇಲೆ ಸಹಿ ಹಾಕಿದೆ. ಒಂದು ಗಂಟೆ ನಲವತ್ತು ನಿಮಿಷ ಹಿಡಿಯಿತು. ಮತ್ತೆ ಅವರು ನನ್ನನ್ನು ಕರೆದಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಗುತ್ತೂರು ರಸ್ತೆಯಲ್ಲಿ ಒಂದು ತಗಡಿನ ಶೆಡ್ಡು. ಎರಡು ಲೇಥ್, ಅದರಲ್ಲಿ ಒಂದು ಸಾಗಿಸುವಾಗ ಕೆಟ್ಟಿದೆ. ಒಂದು ಡ್ರಿಲ್ಲಿಂಗ್ ಮಷೀನು. ಒಂದು ಮನೆ, ಒಂದು ಬೈಕು. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಮೊದಲಿದ್ದ ಗಿರಾಕಿಗಳಲ್ಲಿ ಅರ್ಧ. ಸಾಹುಕಾರನ ಕೇಸಿನಲ್ಲಿ ಸಾಕ್ಷಿ ಹೇಳಲು ಬರಬೇಕೆಂಬ ಒಂದು ಸಮನ್ಸ್.